ಓದುಗರ ಪ್ರಶ್ನೆ: ಸುತ್ತೇ ಇಲ್ಲದೆ ಆಯಸ್ಕಾಂತ ವಿದ್ಯುತ್ತು ಹುಟ್ಟಿಸೀತೇ?

ಪ್ರಶ್ನೆ: ಅಕ್ಕೋರೆ, ನಾ ಹುಬ್ಬಳ್ಳಿಯೊಳಗ ಮೂವತ್ತು ವರ್ಷದಿಂದ ಮೋಟರ್ ವೈಂಡಿಂಗ್ ಮಾಡಾಂವ. ಪಂಪ್‌ಸೆಟ್ಟು, ಗಿರಣಿ ಮೋಟರು, ಸೀಲಿಂಗ್ ಫ್ಯಾನು ಎಲ್ಲಾ ನನ್ನ ಕೈಯಾಗ ಬಿಚ್ಚ್ಯಾವು. ಮಗಳು ಧಾರವಾಡದಾಗ ಎಂಎಸ್ಸಿ ಫಿಸಿಕ್ಸ್ ಓದತಾಳ. ಮೊನ್ನೆ ಊಟಕ್ಕ ಕೂತಾಗ ಅಕಿ, 'ಅಪ್ಪಾ, ಒಂದೊಂದು ಹರಳಿನ್ಯಾಗ ಅಣುಆಯಸ್ಕಾಂತ ಒಂದು ಥರಾ ಸಾಲಾಗಿ ನಿಂತ್ರ ಸಾಕು, ಹರಳಿನ ಒಂದು ಮುಖಕ್ಕ ಪ್ಲಸ್ಸು, ಇನ್ನೊಂದು ಮುಖಕ್ಕ ಮೈನಸ್ಸು ಬರತೈತಿ. ತಂತಿ ಬ್ಯಾಡ, ಸುತ್ತು ಬ್ಯಾಡ, ತಿರುಗೋದೂ ಬ್ಯಾಡ' ಅಂದ್ಲು. ಆಯಸ್ಕಾಂತ ಸುಮ್ಮನ ಇಟ್ರ ಕರೆಂಟ್ ಬರಂಗಿಲ್ಲ ಅನ್ನೋದು ನಾ ಕಲ್ತ ಮೊದಲನೇ ಪಾಠ. ಅಕಿ ಹೇಳೋದು ಖರೇ ಏನ್ರಿ? ಖರೇ ಇದ್ರ ನಾ ಅಂಗಡಿ ಬಾಗಿಲಾ ಹಾಕೋದು ಛಲೋ ಏನು?
— ಓದುಗರೊಬ್ಬರು, ಹುಬ್ಬಳ್ಳಿ (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಬಾಗಿಲು ಹಾಕಬೇಡಿ. ಮಗಳು ಹೇಳಿದ್ದೂ ಖರೆ, ನೀವು ಕಲಿತ ಮೊದಲ ಪಾಠವೂ ಖರೆ. ನಿಮ್ಮಿಬ್ಬರ ನಡುವೆ ಜಗಳ ಹಚ್ಚಿದ್ದು 'ಕರೆಂಟು' ಎಂಬ ಒಂದು ಮಾತು.

ಕರೆಂಟು ಹರಿಯುತ್ತದೆ. ಮಗಳು ಹೇಳುತ್ತಿರುವುದು ಸರಿದು ಕೂಡುತ್ತದೆ. ಹರಳಿನೊಳಗೆ ಪ್ಲಸ್ ಅಯಾನು, ಮೈನಸ್ ಅಯಾನು (ಚಾರ್ಜು ಹೊತ್ತ ಪರಮಾಣುಗಳು) ಅಳತೆ ಹಿಡಿದು ಇಟ್ಟಂತೆ ಕೂತಿರುತ್ತವೆ. ಪ್ಲಸ್ಸುಗಳೆಲ್ಲ ಕೂದಲೆಳೆಯ ದಪ್ಪದ ಕೋಟಿಯಲ್ಲೊಂದು ಪಾಲು ಮೇಲಕ್ಕೆ, ಮೈನಸ್ಸುಗಳೆಲ್ಲ ಅಷ್ಟೇ ಕೆಳಕ್ಕೆ ಸರಿದವು ಅನ್ನಿ. ನಡುವೆ ಒಂದರ ಲೆಕ್ಕ ಇನ್ನೊಂದರಲ್ಲಿ ವಜಾ ಆಗುತ್ತದೆ. ಮೇಲಿನ ಮುಖದಲ್ಲಿ ಪ್ಲಸ್ಸು, ಕೆಳಗಿನ ಮುಖದಲ್ಲಿ ಮೈನಸ್ಸು ಉಳಿಯುತ್ತದೆ. ಇದಕ್ಕೆ ವಿದ್ಯುತ್ ಧ್ರುವೀಕರಣ ಎನ್ನುತ್ತೇವೆ. ಹರಳಿಗೆ ತಂತಿ ಹಚ್ಚಿದರೆ, ಧ್ರುವೀಕರಣ ಹುಟ್ಟುವಾಗ ಒಮ್ಮೆ, ಅಳಿಯುವಾಗ ಒಮ್ಮೆ ಚೂರು ಹರಿವು ಕಾಣುತ್ತದೆ. ಉಳಿದ ಹೊತ್ತೆಲ್ಲ ಸುಮ್ಮನೆ. ಸುಮ್ಮನಿರುವ ಆಯಸ್ಕಾಂತ ಕರೆಂಟು ಕೊಡುವುದಿಲ್ಲ ಎಂಬ ನಿಮ್ಮ ಪಾಠಕ್ಕೆ ಇಲ್ಲಿ ಯಾವ ಧಕ್ಕೆಯೂ ಇಲ್ಲ.

ನನಗೆ ಇದರಲ್ಲಿ ರುಚಿ ಇರುವುದು ಬೇರೆ ಕಡೆ. ಹರಳಿನ ಕೆಲವು ಅಯಾನುಗಳು ತಾವೇ ಪುಟ್ಟ ಆಯಸ್ಕಾಂತ. ಈ ಅಣುಆಯಸ್ಕಾಂತಗಳು ಸಾಲಾಗಿ ನಿಂತರೆ ಅಯಾನುಗಳು ಯಾಕೆ ಸರಿಯಬೇಕು? ಆಯಸ್ಕಾಂತಕ್ಕೂ ವಿದ್ಯುತ್ ಧ್ರುವಕ್ಕೂ ಗುಣದಲ್ಲಿ ಹೊಂದಿಕೆಯೇ ಇಲ್ಲ. ಇದನ್ನು ನೀವೇ ನಿಮ್ಮ ಬೆಂಚಿನ ಮೇಲೆ ನೋಡಬಹುದು. ಎನಾಮಲ್ ತಂತಿಯ ಒಂದೇ ಒಂದು ಸುತ್ತು ತಗೊಳ್ಳಿ, ಅದರಲ್ಲಿ ಕರೆಂಟು ಹರಿಯುತ್ತಿದೆ. ಪಕ್ಕದಲ್ಲಿ ಎರಡು ಗುಂಡು ಇಡಿ, ಮೇಲಿನದು ಪ್ಲಸ್, ಕೆಳಗಿನದು ಮೈನಸ್. ಸುತ್ತು ಆಯಸ್ಕಾಂತ, ಗುಂಡಿನ ಜೋಡಿ ವಿದ್ಯುತ್ ಧ್ರುವ.

ಈಗ ಇವೆರಡನ್ನೂ ಮೊಬೈಲಿನಲ್ಲಿ ವಿಡಿಯೊ ತೆಗೆದು ಹಿಂದುಮುಂದಾಗಿ ಓಡಿಸಿದೆವು ಅನ್ನಿ. ಗುಂಡುಗಳು ಇದ್ದಲ್ಲೇ ಇರುತ್ತವೆ, ಅವಕ್ಕೇನೂ ಆಗುವುದಿಲ್ಲ. ಸುತ್ತಿನಲ್ಲಿ ಮಾತ್ರ ಕರೆಂಟು ತಿರುಗಾಮುರುಗಾ ಹರಿಯುತ್ತದೆ, ಉತ್ತರ ಇದ್ದದ್ದು ದಕ್ಷಿಣ ಆಗುತ್ತದೆ. ಎರಡನೆಯ ಪರೀಕ್ಷೆಗೆ ವಿಡಿಯೊ ಬೇಡ. ನಟ್ಟನಡುವಿನ ಬಿಂದುವನ್ನು ಹಿಡಿದು ಪ್ರತಿಯೊಂದನ್ನೂ ಎದುರು ಬದಿಗೆ ದಾಟಿಸಿ: ಮೇಲಿನದು ಕೆಳಕ್ಕೆ, ಎಡದ್ದು ಬಲಕ್ಕೆ, ಮುಂದಿನದು ಹಿಂದಕ್ಕೆ. ಈ ಸಲ ಗುಂಡುಗಳು ಜಾಗ ಬದಲಿಸುತ್ತವೆ, ಧ್ರುವ ತಲೆಕೆಳಗಾಗುತ್ತದೆ. ಸುತ್ತು? ಎಡಬದಿಯ ತಂತಿ ಬಲಕ್ಕೆ ಬಂತು, ಅದರಲ್ಲಿ ಹರಿಯುವ ದಿಕ್ಕೂ ತಿರುವುಮುರುವಾಯಿತು. ಆದರೆ ಬಲಬದಿಯಲ್ಲಿ ಮೊದಲೇ ಇದ್ದದ್ದೂ ಅದೇ ದಿಕ್ಕು! ಸುತ್ತು ಇದ್ದಂತೆಯೇ ಉಳಿಯಿತು. ಕಾಗದದ ಮೇಲೆ ಬಾಣ ಬರೆದು ನೋಡಿ, ಎರಡು ನಿಮಿಷದ ಕೆಲಸ.

ಅಂದರೆ ಒಂದು ಪರೀಕ್ಷೆಯಲ್ಲಿ ಆಯಸ್ಕಾಂತ ತಿರುಗುತ್ತದೆ, ಧ್ರುವ ಕದಲುವುದಿಲ್ಲ. ಇನ್ನೊಂದರಲ್ಲಿ ಧ್ರುವ ತಿರುಗುತ್ತದೆ, ಆಯಸ್ಕಾಂತ ಕದಲುವುದಿಲ್ಲ. ಹೀಗಿರುವಾಗ ಎಲ್ಲ ಅಣುಆಯಸ್ಕಾಂತಗಳೂ ಒಂದೇ ಕಡೆ ಮುಖ ಮಾಡಿ ನಿಂತ ಸಾದಾ ಹರಳು, ನಡುಬಿಂದು ಇರುವಂಥದ್ದು, ಅಂದರೆ ಎರಡನೆಯ ಪರೀಕ್ಷೆಯಂತೆ ಎದುರು ಬದಿಗೆ ದಾಟಿಸಿದರೂ ಇದ್ದಂತೆಯೇ ಕಾಣುವಂಥದ್ದು, ಧ್ರುವೀಕರಣ ಕೊಡಲಾರದು. ಮೇಲಕ್ಕೆ ಕೊಡಲು ಎಷ್ಟು ಕಾರಣ ಇದೆಯೋ ಕೆಳಕ್ಕೆ ಕೊಡಲೂ ಅಷ್ಟೇ ಕಾರಣ. ಆಯಸ್ಕಾಂತ ಎಷ್ಟು ಜೋರಿನದು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಣುಆಯಸ್ಕಾಂತಗಳ ಸಾಲೇ ಆ ನಡುಬಿಂದುವನ್ನು ಕೆಡಿಸುವಂತೆ ನಿಲ್ಲಬೇಕು. ಕೆಡಿಸುವುದು ಹೇಗೆ? ನನಗೆ ಚೆನ್ನಾಗಿ ಗೊತ್ತಿರುವ ದಾರಿ ಎರಡು.

ಮೊದಲನೆಯದಕ್ಕೆ ಹಾವೇರಿಯ ಏಲಕ್ಕಿ ಮಾಲೆ ನೆನಪಿಸಿಕೊಳ್ಳಿ. ಒಂದು ಏಲಕ್ಕಿ, ಒಂದು ಮುತ್ತು, ಮತ್ತೆ ಏಲಕ್ಕಿ, ಮತ್ತೆ ಮುತ್ತು. ಬಾಗಿಲಿಗೆ ತೋರಣದಂತೆ ಅಡ್ಡ ಕಟ್ಟಿದ್ದೀರಿ. ಯಾವ ಏಲಕ್ಕಿಯ ಎದುರು ನಿಂತರೂ ಎಡಕ್ಕೂ ಮುತ್ತು, ಬಲಕ್ಕೂ ಮುತ್ತು. ಎರಡೂ ಬದಿ ಸರಿಸಮ. ಈಗ ಪ್ರತಿಯೊಂದಕ್ಕೂ ಒಂದೊಂದು ಜರಿದಾರದ ತುದಿ ಕಟ್ಟಿ: ಎರಡು ಮೇಲಕ್ಕೆ, ಎರಡು ಕೆಳಕ್ಕೆ, ಮತ್ತೆ ಎರಡು ಮೇಲಕ್ಕೆ, ಎರಡು ಕೆಳಕ್ಕೆ. ಬರೀ ದಾರವನ್ನು ನೋಡಿದರೆ ಅದಕ್ಕೂ ನಡು ಇದೆ: ಎರಡು 'ಮೇಲು'ಗಳ ಮಧ್ಯದ ಸಂದಿಯಲ್ಲಿ ನಿಂತರೆ ಎರಡೂ ಬದಿ ಹೊಂದುತ್ತದೆ. ಆದರೆ ಆ ಸಂದಿಯಲ್ಲಿ ಎಡಕ್ಕೆ ಏಲಕ್ಕಿ, ಬಲಕ್ಕೆ ಮುತ್ತು! ಏಲಕ್ಕಿಯ ಎದುರು ಬಂದು ನಿಂತರೆ ಎಡಕ್ಕೆ ಮೇಲ್ಮುಖದ ದಾರ, ಬಲಕ್ಕೆ ಕೆಳಮುಖದ ದಾರ. ಮಣಿಗೂ ನಡು ಇದೆ, ದಾರಕ್ಕೂ ನಡು ಇದೆ, ಎರಡಕ್ಕೂ ಕೂಡಿ ಒಂದು ನಡು ಎಲ್ಲಿಯೂ ಇಲ್ಲ. ಕ್ಯಾಲ್ಸಿಯಂ, ಕೋಬಾಲ್ಟ್, ಮ್ಯಾಂಗನೀಸ್, ಆಕ್ಸಿಜನ್ ಕೂಡಿದ ಒಂದು ಹರಳಿದೆ; ಅದರಲ್ಲಿ ಕೋಬಾಲ್ಟ್ ಏಲಕ್ಕಿ, ಮ್ಯಾಂಗನೀಸ್ ಮುತ್ತು. ಸುಮಾರು 16 ಕೆಲ್ವಿನ್‌ಗಿಂತ ಕೆಳಗೆ (ಅಂದರೆ ಸೊನ್ನೆಗಿಂತ 257 ಡಿಗ್ರಿ ಸೆಲ್ಸಿಯಸ್ ಕೆಳಗೆ) ಅಣುಆಯಸ್ಕಾಂತಗಳು ಎರಡು ಮೇಲೆ, ಎರಡು ಕೆಳಗೆ ಎಂದು ನಿಲ್ಲುತ್ತವೆ. ಒಂದೇ ಮುಖದವರ ನಡುವಿನ ಅಂತರ ಒಂದು, ಎದುರು ಮುಖದವರ ನಡುವಿನ ಅಂತರ ಇನ್ನೊಂದು ಆಗುತ್ತದೆ, ಜೋಡಿ ಜೋಡಿಯಾಗಿ ಸರಿಯುತ್ತವೆ. ಕೋಬಾಲ್ಟಿನ ಮೇಲೆ ಎರಡು ಪ್ಲಸ್ಸು, ಮ್ಯಾಂಗನೀಸಿನ ಮೇಲೆ ನಾಲ್ಕು. ಸರಿದ ಮೇಲೆ ಲೆಕ್ಕ ಒಂದು ಕಡೆಗೆ ವಾಲಲೇಬೇಕು.

ಎರಡನೆಯ ದಾರಿ ಸೈಕಲ್ಲಿನದು, ನನಗೆ ಇದೇ ಹೆಚ್ಚು ಪ್ರೀತಿ. ಗಾಲಿಯ ಒಂದು ಕಡ್ಡಿಗೆ ಕೆಂಪು ರಿಬ್ಬನ್ ಕಟ್ಟಿ ಸೈಕಲ್ ತಳ್ಳಿಕೊಂಡು ಹೋಗಿ. ಪ್ರತಿ ಗೇಣಿಗೊಮ್ಮೆ ಆ ಕಡ್ಡಿ ಯಾವ ಕಡೆ ಮುಖ ಮಾಡಿದೆ ಎಂದು ರಸ್ತೆಯ ಮೇಲೆ ಬಾಣ ಬರೆಯುತ್ತಾ ಹೋಗಿ. ಮೇಲೆ, ಓರೆ, ಮುಂದೆ, ಓರೆ, ಕೆಳಗೆ, ಹಿಂದೆ, ಮತ್ತೆ ಮೇಲೆ. ಕೆಲವು ಹರಳುಗಳಲ್ಲಿ ಅಣುಆಯಸ್ಕಾಂತಗಳು ಹೀಗೇ, ಒಂದರಿಂದ ಒಂದಕ್ಕೆ ಚೂರು ಚೂರು ತಿರುಗುತ್ತಾ ನಿಲ್ಲುತ್ತವೆ. ಈ ಸಾಲಿಗೆ ಸುರುಳಿ ಎನ್ನೋಣ. ಯಾಕೆಂದರೆ ಪಕ್ಕದವನ ಜೊತೆ ಒಂದು ನಮೂನೆ ನಿಲ್ಲುವ ಒತ್ತಾಯ, ಅವನಾಚೆಯವನ ಜೊತೆ ಇನ್ನೊಂದು ನಮೂನೆ ನಿಲ್ಲುವ ಒತ್ತಾಯ. ಇಬ್ಬರನ್ನೂ ಒಪ್ಪಿಸಲಾಗದೆ ಎಲ್ಲರೂ ಒಂದಿಷ್ಟು ತಿರುಗಿ ರಾಜಿ ಆಗುತ್ತಾರೆ.

ಈ ಸಾಲಿಗೆ ನಮ್ಮ ಎರಡೂ ಪರೀಕ್ಷೆ ಹಚ್ಚಿ ನೋಡಿ. ವಿಡಿಯೊ ಹಿಂದೆ ಓಡಿಸಿದರೆ ಎಲ್ಲ ಬಾಣಗಳೂ ಉಲ್ಟಾ ಆಗುತ್ತವೆ, ಆದರೆ ಬಾಣದಿಂದ ಬಾಣಕ್ಕೆ ತಿರುಗುವ ಮಗ್ಗುಲು ಮೊದಲಿನದೇ. ನಡುಬಿಂದುವಿನ ಮೂಲಕ ದಾಟಿಸಿದರೆ ಬಾಣಗಳು ಹಾಗೇ, ಸಾಲು ಮಾತ್ರ ಹಿಂದುಮುಂದು. ಬಲಕ್ಕೆ ತಿರುಗುತ್ತಿದ್ದದ್ದು ಎಡಕ್ಕೆ ತಿರುಗುತ್ತದೆ. ಮೊದಲನೆಯದರಲ್ಲಿ ಬದಲಿಲ್ಲ, ಎರಡನೆಯದರಲ್ಲಿ ತಿರುವುಮುರುವು. ಮೇಲಿನ ಎರಡು ಗುಂಡುಗಳ ನಡತೆಯೂ ಅಕ್ಷರಶಃ ಇದೇ! ಒಂಟಿ ಆಯಸ್ಕಾಂತಕ್ಕೆ ಇಲ್ಲದ ಗುಣ 'ತಿರುಗುವ ಮಗ್ಗುಲಿಗೆ' ಬಂತು. ಹೀಗಾಗಿ ಸುರುಳಿಗೆ ಧ್ರುವೀಕರಣ ಹುಟ್ಟಿಸುವ ಹಕ್ಕು ಇದೆ.

ಹಕ್ಕು ಇದ್ದರೆ ಸಾಲದು, ಕೆಲಸ ಮಾಡುವವರು ಬೇಕು. ಇಂಥ ಸುರುಳಿಯ ಒಂದು ಹರಳಿನಲ್ಲಿ ಎರಡು ಮ್ಯಾಂಗನೀಸ್ ಅಯಾನುಗಳ ನಡುವೆ ಒಂದು ಆಕ್ಸಿಜನ್ ಕೂತಿರುತ್ತದೆ. ಎರಡರ ಅಣುಆಯಸ್ಕಾಂತಗಳು ಒಂದಕ್ಕೊಂದು ಓರೆಯಾದರೆ ಆ ಆಕ್ಸಿಜನ್ ಮತ್ತು ಅದರ ಸುತ್ತಣ ಎಲೆಕ್ಟ್ರಾನ್ ಮೋಡ ಒಂದು ಬದಿಗೆ ತಳ್ಳಿಸಿಕೊಳ್ಳುತ್ತವೆ. ಓರೆ ಬಲಕ್ಕಿದ್ದರೆ ಒಂದು ಬದಿ, ಎಡಕ್ಕಿದ್ದರೆ ಇನ್ನೊಂದು ಬದಿ. ಒಮ್ಮೆ ಬಲ ಒಮ್ಮೆ ಎಡ ಓರೆಯಾಗುವ ಸಾಲಿನಲ್ಲಿ ತಳ್ಳಾಟ ಒಂದರಿಂದೊಂದು ವಜಾ. ಸುರುಳಿಯಲ್ಲಿ ಎಲ್ಲ ಓರೆಯೂ ಒಂದೇ ಮಗ್ಗುಲಿಗೆ, ಎಲ್ಲ ಆಕ್ಸಿಜನ್ನೂ ಒಂದೇ ಬದಿಗೆ. ಕಟ್ಸುರ, ನಾಗವೊಸ, ಬಾಲಾಟ್‌ಸ್ಕಿ ಮೂವರೂ 2005ರಲ್ಲಿ ಇದಕ್ಕೊಂದು ಚಿಕ್ಕ ಸೂತ್ರ ಕೊಟ್ಟರು. ಅದನ್ನು ಸೈಕಲ್ಲಿನ ಭಾಷೆಯಲ್ಲಿ ಹೇಳುವುದಾದರೆ: ರಸ್ತೆಗೂ ಲಂಬ, ಗಾಲಿಯ ಅಚ್ಚಿಗೂ ಲಂಬವಾದ ದಿಕ್ಕೇ ಧ್ರುವೀಕರಣದ ದಿಕ್ಕು. ನಿಂತ ಸೈಕಲ್ಲಿಗೆ ಅದು ಮೇಲೋ ಕೆಳಗೋ. ಸುರುಳಿ ಸೈಕಲ್ ಗಾಲಿಯಂತಿರದೆ ಡ್ರಿಲ್ ಬಿಟ್‌ನಂತೆ, ಮುಂದೆ ಹೋಗುವ ದಿಕ್ಕನ್ನೇ ಅಚ್ಚು ಮಾಡಿಕೊಂಡು ತಿರುಗಿದರೆ, ಈ ಸೂತ್ರದ ಪ್ರಕಾರ ಧ್ರುವೀಕರಣ ಸೊನ್ನೆ.

ಇದೆಲ್ಲ ಬರೀ ಹಲಗೆಯ ಮೇಲಿನ ಮಾತಲ್ಲ. 2003ರಲ್ಲಿ ಜಪಾನಿನಲ್ಲಿ ಕಿಮುರ ಮತ್ತು ಸಂಗಡಿಗರು ಟರ್ಬಿಯಂ ಮ್ಯಾಂಗನೈಟ್ (ಟರ್ಬಿಯಂ, ಮ್ಯಾಂಗನೀಸ್, ಆಕ್ಸಿಜನ್ ಕೂಡಿದ್ದು) ಹರಳನ್ನು ತಂಪು ಮಾಡುತ್ತಾ ಹೋದರು. ಸುಮಾರು 41 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 232 ಡಿಗ್ರಿ ಸೆಲ್ಸಿಯಸ್ ಕೆಳಗೆ, ಅಣುಆಯಸ್ಕಾಂತಗಳು ಸಾಲು ಹಿಡಿದವು. ಧ್ರುವೀಕರಣ ಬರಲಿಲ್ಲ! ಇನ್ನೂ ತಂಪು ಮಾಡಿದರು. 28 ಕೆಲ್ವಿನ್ ಆಸುಪಾಸು ಬಂದಾಗ ತಟ್ಟನೆ ಬಂತು. ಮೊದಲ ಸಾಲಿನಲ್ಲಿ ಎಲ್ಲವೂ ಒಂದೇ ಗೆರೆಯ ಮೇಲೆ, ಅಲೆಯಂತೆ ಹೆಚ್ಚುಕಡಿಮೆ ಆಗುತ್ತಿದ್ದವು. ಅಲೆಗೆ ನಡು ಇದೆ. ಎರಡನೆಯದರಲ್ಲಿ ಅವು ಸುರುಳಿಯಾದವು. 2005ರಲ್ಲಿ ಕೆಂಜೆಲ್‌ಮಾನ್ ಮತ್ತು ಸಂಗಡಿಗರು ನ್ಯೂಟ್ರಾನ್ ಹಾಯಿಸಿ ಸುರುಳಿಯನ್ನು ಖಾತ್ರಿ ಮಾಡಿದರು. ಕಿಮುರ ಇನ್ನೊಂದು ಕೆಲಸ ಮಾಡಿದ್ದರು: ಹೊರಗಿನಿಂದ ಜೋರು ಆಯಸ್ಕಾಂತ ಹಿಡಿದಾಗ ಧ್ರುವೀಕರಣ ಮೇಲ್ಮುಖ ಬಿಟ್ಟು ಅಡ್ಡಕ್ಕೆ ತಿರುಗಿತು. ನಮ್ಮ ಲೆಕ್ಕದಲ್ಲಿ ಸೈಕಲ್ಲು ಮಗ್ಗುಲಾಗಿ ಮಲಗಿತು, ಅಚ್ಚು ನೆಟ್ಟಗೆ ನಿಂತಿತು.

ಈ ಸರಿಯುವಿಕೆ ಎಷ್ಟು ಸಣ್ಣದು ಎಂದರೆ, 2011ರಲ್ಲಿ ಎಕ್ಸ್-ಕಿರಣದಿಂದ ಅಳೆದವರು ಫೆಮ್ಟೊಮೀಟರಿನ ಭಾಷೆಯಲ್ಲಿ ಮಾತಾಡಬೇಕಾಯಿತು. ಒಂದು ಪರಮಾಣುವಿನ ಅಗಲ ಸುಮಾರು ಒಂದು ಲಕ್ಷ ಫೆಮ್ಟೊಮೀಟರು. ಅದರಲ್ಲಿ ಕೆಲವು ಹತ್ತು.

ಕೊನೆಗೆ ನಿಮ್ಮ ಅಂಗಡಿಯಲ್ಲೇ ಇರುವ ಒಂದು ಸಾಮಾನು. ಸುಟ್ಟ ಮೋಟರು ಬಿಚ್ಚಿದಾಗ ತಾಮ್ರದ ತಂತಿಯ ಮೇಲೆ ಎನಾಮಲ್ಲಿನ ಮಸಿ ಕೆರೆದರೂ ಹೋಗದ ಒಂದು ಕಪ್ಪು ಪೊರೆ ಇರುತ್ತದಲ್ಲ, ಬಗ್ಗಿಸಿದರೆ ಸಿಪ್ಪೆಯಂತೆ ಉದುರುವುದು? ತಾಮ್ರ ಗಾಳಿಯಲ್ಲಿ ಬೆಂದಾಗ ಮೇಲೆ ಕೂಡುವ ಆ ಕಪ್ಪು ತಾಮ್ರದ ಆಕ್ಸೈಡು. ಅದರ ಒಳ್ಳೆಯ ಹರಳನ್ನು 230 ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ 43 ಡಿಗ್ರಿ ಕೆಳಗೆ ಒಯ್ದರೆ ಸುರುಳಿ ಹಿಡಿದು ಧ್ರುವೀಕರಣ ಬರುತ್ತದೆ ಎಂದು 2008ರಲ್ಲಿ ಅದೇ ಕಿಮುರ ತಂಡ ತೋರಿಸಿತು. ಮಜಾ ಇರುವುದು ಮುಂದೆ. 213 ಕೆಲ್ವಿನ್‌ಗೆ ಇಳಿಸಿದರೆ ಸುರುಳಿ ಬಿಚ್ಚಿಕೊಂಡು ಎಲ್ಲವೂ ಒಂದೇ ಗೆರೆಗೆ ಬರುತ್ತವೆ, ಧ್ರುವೀಕರಣ ಮಾಯ. ತಂಪು ಹೆಚ್ಚಾದಂತೆ ಆಯಸ್ಕಾಂತದ ಶಿಸ್ತು ಹೆಚ್ಚಿತು, ಧ್ರುವೀಕರಣ ಮಾತ್ರ ಹೋಯಿತು. ಮಗಳಿಗೆ ಇದನ್ನು ಕೇಳಿ ನೋಡಿ, ಗೊತ್ತಿದ್ದರೆ ಅವಳಿಗೆ ನನ್ನ ಲೆಕ್ಕದಲ್ಲಿ ಲೈನ್ ಬಜಾರದ ಕಾಲು ಕಿಲೋ ಪೇಢೆ ಕೊಡಿಸಿ.

ಪ್ರಶ್ನೆ: ಆಯಸ್ಕಾಂತಕ್ಕೂ ವಿದ್ಯುತ್ತಿಗೂ ಇಂಥ ನಂಟು ಇದೆ ಎಂದು ಮೊದಲು ಹೊಳೆದದ್ದು ಯಾರಿಗೆ? ಸಾದಾ ಕೋಣೆಯ ತಾಪದಲ್ಲಿ ನೋಡಬಹುದಾದ ಪದಾರ್ಥ ಏನಾದರೂ ಇದೆಯೇ?
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ಹೊಳೆದದ್ದು ಪಿಯರ್ ಕ್ಯೂರಿಗೆ, 1894ರಲ್ಲಿ. ಹರಳಿನ ಸಮಮಿತಿ ಅವಕಾಶ ಕೊಟ್ಟರೆ ಇದು ಸಾಧ್ಯ ಎಂದರು, ಆದರೆ ಯಾವ ಹರಳು ಎಂದು ಬೆರಳು ತೋರಿಸಲು ಆರು ದಶಕ ಹಿಡಿಯಿತು. 1959ರಲ್ಲಿ ಸೋವಿಯತ್ ವಿಜ್ಞಾನಿ ಜ್ಯಾಲೊಶಿನ್‌ಸ್ಕಿ ಕಾಗದದ ಮೇಲೆ ಲೆಕ್ಕ ಹಾಕಿ, ಕ್ರೋಮಿಯಂ ಆಕ್ಸೈಡಿನಲ್ಲಿ ಹುಡುಕಿರಿ ಎಂದರು. ಮರುವರ್ಷವೇ ಆಸ್ಟ್ರೋವ್ ಅಳೆದು ತೋರಿಸಿದರು. ಸ್ಟೀಲ್ ಪಾತ್ರೆ ಪಾಲಿಶ್ ಮಾಡುವವರ ಹತ್ತಿರ ಹಸಿರು ಬಣ್ಣದ ಗಟ್ಟಿ ಇರುತ್ತದಲ್ಲ, ಆ ಹಸಿರು ಇದೇ ಕ್ರೋಮಿಯಂ ಆಕ್ಸೈಡು. ಇದರಲ್ಲಿ ಧ್ರುವೀಕರಣ ತಾನಾಗಿ ಇರುವುದಿಲ್ಲ, ಹೊರಗಿನಿಂದ ಕಾಂತಕ್ಷೇತ್ರ ಹಚ್ಚಿದಾಗ ಮಾತ್ರ ಬರುತ್ತದೆ, ಕ್ಷೇತ್ರ ಹೆಚ್ಚಿದಷ್ಟು ಹೆಚ್ಚುತ್ತದೆ. ಅದೂ ಪುಡಿಯಲ್ಲಿ ಸುಮ್ಮನೆ ಸಿಕ್ಕುವುದಿಲ್ಲ, ಹರಳು ಬೇಕು. ಕೋಣೆಯ ತಾಪದಲ್ಲಿ ನಡೆಯುತ್ತದೆ ನಿಜ, ಆದರೆ ಯಾವ ಊರಿನ ಕೋಣೆ ಎಂದು ಕೇಳಬೇಕು!

ಇದನ್ನು ನಾನು ಪೆಟ್ಟು ತಿಂದು ಕಲಿತವಳು. ಎಂಫಿಲ್ ಮಾಡುವಾಗ ಉಗುರಿನಷ್ಟು ದೊಡ್ಡ ಕ್ರೋಮಿಯಂ ಆಕ್ಸೈಡ್ ಹರಳೊಂದು ಕೈಗೆ ಬಂದಿತ್ತು. ಏಪ್ರಿಲ್ ತಿಂಗಳು, ತಗಡಿನ ಮಾಡು, ತಲೆಯ ಮೇಲೊಂದು ಫ್ಯಾನು. ಬೆಳಿಗ್ಗೆ ಹತ್ತಕ್ಕೆ ಎಲೆಕ್ಟ್ರೋಮೀಟರಿನ (ಬಲು ಸಣ್ಣ ಚಾರ್ಜು ಅಳೆಯುವ ಸಾಧನ) ಮುಳ್ಳು ಚೂರು ಚೂರು ಏಳುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಸತ್ತಂತೆ ಬಿದ್ದಿರುತ್ತಿತ್ತು. ಮೂರು ದಿನ ಬೆಸುಗೆ ಬಿಚ್ಚಿ ಮತ್ತೆ ಬೆಸೆದೆ. ನಾನು ಊಟಕ್ಕೆ ಹೋದಾಗ ಕಸ ಹೊಡೆಯಲು ಬಂದು ತಂತಿ ಎಳೆದಿರಬೇಕೆಂದು ಅಟೆಂಡರನ್ನು ಬೈದೆ. ಅವರು ಬೇಸರ ಮಾಡಿಕೊಳ್ಳದೆ, 'ಅಕ್ಕಾ, ನಿಮ್ಮ ಹಳ್ಳಿಗೂ ಬಿಸಲು ಹತ್ತಿರಬೇಕ್ ನೋಡ್ರಿ' ಅಂದರು. ('ಹಳ್ಳು' ಅಂದರೆ ನಮ್ಮ ಕಡೆ ಸಣ್ಣ ಕಲ್ಲು.) ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಳಿಬಿಟ್ಟೆ. 36 ಡಿಗ್ರಿ. ಕ್ರೋಮಿಯಂ ಆಕ್ಸೈಡಿನ ಅಣುಆಯಸ್ಕಾಂತಗಳು ಸಾಲು ಮುರಿಯುವುದು 307 ಕೆಲ್ವಿನ್‌ನಲ್ಲಿ, ಅಂದರೆ 34 ಡಿಗ್ರಿ. ಪುಸ್ತಕದಲ್ಲಿ ಆ ಅಂಕಿಯನ್ನು ನಾನೇ ಅಡಿಗೆರೆ ಹಾಕಿ ಓದಿದ್ದೆ! ಅಟೆಂಡರ ಕ್ಷಮೆ ಕೇಳಿದೆ, ಚಹಾ ಕುಡಿಸಿದೆ. ಆಮೇಲೆ ಬೆಳಗಿನ ಏಳಕ್ಕೇ ಪ್ರಯೋಗಾಲಯಕ್ಕೆ ಹೋಗಹತ್ತಿದೆ.

ಪ್ರಶ್ನೆ: ಆಯಸ್ಕಾಂತವೂ ಹೌದು, ವಿದ್ಯುತ್ ಧ್ರುವವೂ ಹೌದು ಎನ್ನುವ ಪದಾರ್ಥಗಳು ಇಷ್ಟು ಕಡಿಮೆ ಯಾಕೆ? ಬಿಸ್ಮತ್ ಫೆರೈಟ್ ಬಗ್ಗೆ ಬಹಳ ಓದುತ್ತೇನೆ, ಅದೂ ಸುರುಳಿಯದೇ ಕತೆಯೇ?
— ಪದವಿ ಕಾಲೇಜು ಉಪನ್ಯಾಸಕಿ, ಗದಗ-ಬೆಟಗೇರಿ

ಉತ್ತರ: ಅಲ್ಲ. ಬಿಸ್ಮತ್ ಫೆರೈಟಿನಲ್ಲಿ ಧ್ರುವೀಕರಣ ಕೊಡುವುದು ಬಿಸ್ಮತ್, ಆಯಸ್ಕಾಂತ ಕಬ್ಬಿಣ. ಧ್ರುವೀಕರಣ ಸುಮಾರು 830 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಂದು ಕೂತಿರುತ್ತದೆ, ಆಯಸ್ಕಾಂತದ ಸಾಲು ಹುಟ್ಟುವುದು ಸುಮಾರು 370ಕ್ಕೆ ಇಳಿದ ಮೇಲೆ. ಒಂದೇ ಚಾಳಿನಲ್ಲಿ ಎರಡು ಸಂಸಾರ. ಪರಿಚಯ ಇದೆ, ಒಬ್ಬರಿಂದ ಇನ್ನೊಬ್ಬರು ಹುಟ್ಟಿದ್ದಲ್ಲ. ಟರ್ಬಿಯಂ ಮ್ಯಾಂಗನೈಟಿನಲ್ಲಿ ಆಯಸ್ಕಾಂತದ ಸಾಲು ತಾಯಿ, ಧ್ರುವೀಕರಣ ಕೂಸು. ಆದರೆ ಕೂಸು ಬಲು ಸಣ್ಣದು: ಚದರ ಸೆಂಟಿಮೀಟರಿಗೆ 0.1 ಮೈಕ್ರೋಕೂಲಂಬನ್ನೂ ಮುಟ್ಟುವುದಿಲ್ಲ. ನಾವು ಪಾಠ ಮಾಡುವ ಬೇರಿಯಂ ಟೈಟನೇಟಿನಲ್ಲಿ ಅದು 26.

ಕಡಿಮೆ ಯಾಕೆ ಎಂಬುದನ್ನು 2000ದಲ್ಲಿ ನಿಕೋಲಾ ಹಿಲ್ ಚೊಕ್ಕಟವಾಗಿ ಬರೆದರು (ಈಗ ಅವರು ನಿಕೋಲಾ ಸ್ಪಾಲ್ಡಿನ್). ಬೇರಿಯಂ ಟೈಟನೇಟಿನಲ್ಲಿ ಟೈಟೇನಿಯಂ ನಡು ಬಿಟ್ಟು ಸರಿಯಲು ಅದರ ಡಿ ಕವಚ (ಎಲೆಕ್ಟ್ರಾನುಗಳು ಕೂಡುವ ಕೋಣೆಗಳಲ್ಲೊಂದು) ಖಾಲಿ ಇರಬೇಕು. ಆಯಸ್ಕಾಂತ ಆಗಲು ಅದೇ ಕವಚದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನು ಇರಬೇಕು. ಒಂದೇ ಕೋಣೆ ಖಾಲಿಯೂ ಇರಬೇಕು, ತುಂಬಿಯೂ ಇರಬೇಕು ಎಂದರೆ ಹೇಗೆ?

ಪ್ರಶ್ನೆ: ಮೇಡಂ, ಸುರುಳಿ ಬಲಕ್ಕೂ ತಿರುಗಬಹುದು ಎಡಕ್ಕೂ ತಿರುಗಬಹುದು. ಹರಳಿಗೆ ಯಾವುದು ಬೇಕು ಎಂದು ಯಾರು ಹೇಳುತ್ತಾರೆ?
— ಪಿಯುಸಿ ವಿದ್ಯಾರ್ಥಿ, ಬ್ಯಾಡಗಿ

ಉತ್ತರ: ಶಾಬಾಸ್ ತಮ್ಮಾ. ಯಾರೂ ಹೇಳುವುದಿಲ್ಲ, ಹರಳಿಗೆ ಎರಡೂ ಒಂದೇ. ಸುಮ್ಮನೆ ತಂಪು ಮಾಡಿದರೆ ಅರ್ಧ ಭಾಗ ಬಲಕ್ಕೆ, ಅರ್ಧ ಎಡಕ್ಕೆ ತಿರುಗಿ ಕೂಡುತ್ತವೆ, ಒಟ್ಟು ಧ್ರುವೀಕರಣ ಸೊನ್ನೆ. ಅದಕ್ಕೇ ತಂಪು ಮಾಡುವಾಗ ಎರಡು ಮುಖಗಳಿಗೆ ಹೊರಗಿನಿಂದ ವೋಲ್ಟೇಜ್ ಹಚ್ಚಿಟ್ಟಿರುತ್ತಾರೆ. ಪ್ಲಸ್ಸು ಮೇಲೆ ಹಚ್ಚಿದರೆ ಒಂದು ಮಗ್ಗುಲು, ಕೆಳಗೆ ಹಚ್ಚಿದರೆ ಇನ್ನೊಂದು. 2007ರಲ್ಲಿ ಜಪಾನಿನವರು ಟರ್ಬಿಯಂ ಮ್ಯಾಂಗನೈಟಿಗೆ ಹೀಗೆ ವೋಲ್ಟೇಜ್ ಬದಲಿಸಿ, ಒಳಗೆ ಸುರುಳಿಯ ಮಗ್ಗುಲೂ ಬದಲಾದದ್ದನ್ನು ನ್ಯೂಟ್ರಾನುಗಳಿಂದ ನೋಡಿದರು. ಆಯಸ್ಕಾಂತದ ಸಾಲನ್ನು ಬರೀ ವೋಲ್ಟೇಜಿನಿಂದ ಹಿಡಿದು ತಿರುಗಿಸಬಹುದು ಎಂಬುದೇ ಮೆಮೊರಿ ಚಿಪ್ ಮಾಡುವವರ ಆಸೆ. ಕರೆಂಟು ಹರಿಸದಿದ್ದರೆ ಬಿಸಿಯೂ ಕಡಿಮೆ. ಸದ್ಯಕ್ಕೆ ಸುರುಳಿಯ ಹರಳುಗಳಲ್ಲಿ ಹೆಚ್ಚಿನವಕ್ಕೆ ಬೇಕಾದ ಚಳಿ ಆ ಆಸೆಗೆ ಅಡ್ಡ ನಿಂತಿದೆ.

ಪ್ರಶ್ನೆ: ಮೀಟರಿನ ಹತ್ತಿರ ಹಚ್ಚಿದರೆ ಬಿಲ್ ಕಡಿಮೆ ಆಗುತ್ತದೆಂದು ಆಯಸ್ಕಾಂತದ ಡಬ್ಬಿ ಮಾರಲು ಬಂದಿದ್ದರು. ನೀವು ಹೇಳುವ ವಿಜ್ಞಾನವೇ ಅದರಲ್ಲಿ ಇದೆಯಂತೆ.
— ಗೃಹಿಣಿ, ರಾಣೆಬೆನ್ನೂರು

ಉತ್ತರ: ಇಲ್ಲ. ಶೇಂಗಾಕಾಳಿನಷ್ಟು ದೊಡ್ಡ ಟರ್ಬಿಯಂ ಮ್ಯಾಂಗನೈಟ್ ಹರಳಿನ ಧ್ರುವೀಕರಣವನ್ನೆಲ್ಲ ಹಿಂಡಿದರೂ ಒಂದು ಎಲ್‌ಇಡಿ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲೂ ಉರಿಯುವುದಿಲ್ಲ. ದುಡ್ಡು ಕೊಡಬೇಡಿ.

ಪ್ರಶ್ನೆ: ಮ್ಯಾಮ್, ನನ್ನ ಪ್ರಾಜೆಕ್ಟಿನ ಪದಾರ್ಥದ ಪುಡಿ ಒತ್ತಿ ಮಾಡಿದ ಗುಳಿಗೆಗೆ ಎರಡೂ ಕಡೆ ಸಿಲ್ವರ್ ಪೇಂಟ್ ಹಚ್ಚಿ, ವೋಲ್ಟೇಜ್ ಇಟ್ಟು ತಂಪು ಮಾಡಿ, ಆಮೇಲೆ ನಿಧಾನಕ್ಕೆ ಬಿಸಿ ಮಾಡಿದರೆ ಚೆಂದದ ಕರೆಂಟ್ ಪೀಕ್ ಬಂತು. ವೋಲ್ಟೇಜ್ ಉಲ್ಟಾ ಮಾಡಿದರೆ ಪೀಕೂ ಉಲ್ಟಾ. ಧ್ರುವೀಕರಣ ಸಿಕ್ಕಿತು ಎಂದು ಕುಣಿದೆ. ಆದರೆ ನಿಮಿಷಕ್ಕೆ 2 ಕೆಲ್ವಿನ್ ಬದಲು 6 ಕೆಲ್ವಿನ್‌ನಂತೆ ಬಿಸಿ ಮಾಡಿದಾಗ ಪೀಕು ಸುಮಾರು 10 ಡಿಗ್ರಿ ಮೇಲಕ್ಕೆ ಸರಿಯಿತು. ಎಲ್ಲಿ ತಪ್ಪಿದೆ?
— ಎಂಎಸ್ಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಪ್ಪಿಲ್ಲ ತಂಗಿ, ಬೇಗ ಕುಣಿದೆ ಅಷ್ಟೇ. ಪೀಕ್ ಸರಿಯಿತಲ್ಲ, ಅದೇ ಉತ್ತರ. ಆಯಸ್ಕಾಂತದ ಸಾಲು ಮುರಿಯುವ ತಾಪ ಹರಳಿಗೆ ಸೇರಿದ್ದು, ನೀನು ಬೇಗ ಬಿಸಿ ಮಾಡಿದರೂ ಸಾವಕಾಶ ಮಾಡಿದರೂ ಅದು ಜಾಗ ಬಿಡುವುದಿಲ್ಲ. ವೇಗ ಹೆಚ್ಚಿಸಿದರೆ ಖರೇ ಧ್ರುವೀಕರಣದ ಪೀಕು ಎತ್ತರವಾಗುತ್ತದೆ, ಕಾಲದ ಲೆಕ್ಕದಲ್ಲಿ ಅದರ ಒಟ್ಟು ಚಾರ್ಜು ಅಷ್ಟೇ ಇರುತ್ತದೆ. ಜಾಗ ಬದಲಿಸುವುದು ಗುಳಿಗೆಯ ಬಿರುಕು, ಕಣದ ಅಂಚುಗಳಲ್ಲಿ ಸಿಕ್ಕಿಹಾಕಿಕೊಂಡ ಚಾರ್ಜು. ನೀನು ವೋಲ್ಟೇಜ್ ಇಟ್ಟಾಗ ಒಳಗೆ ನುಗ್ಗಿತು, ತಂಪಿನಲ್ಲಿ ಅಲ್ಲೇ ಹೆಪ್ಪುಗಟ್ಟಿತು, ಬಿಸಿ ಮಾಡಿದಾಗ ಬಿಡಿಸಿಕೊಂಡು ಬಂತು. ಅದೂ ವೋಲ್ಟೇಜಿನ ಮಗ್ಗುಲನ್ನೇ ಹಿಡಿಯುತ್ತದೆ, ಅದಕ್ಕೇ ಉಲ್ಟಾ ಆದದ್ದು ಸಾಕ್ಷಿಗೆ ಸಾಲದು.

ಹೀಗೆ ಮಾಡು. ಕೋಣೆಯ ತಾಪದಿಂದಲೇ ವೋಲ್ಟೇಜ್ ಹಚ್ಚಬೇಡ. ಆಯಸ್ಕಾಂತದ ಸಾಲು ಹುಟ್ಟುವ ತಾಪದ ಸ್ವಲ್ಪ ಮೇಲಿನವರೆಗೆ ಬರಿದೇ ತಂಪು ಮಾಡಿ, ಅಲ್ಲಿ ಹಚ್ಚಿ, ಆ ತಾಪ ದಾಟಿಸು. ತಳ ಮುಟ್ಟಿದ ಮೇಲೆ ವೋಲ್ಟೇಜ್ ತೆಗೆದು ಎರಡೂ ತಂತಿಗಳನ್ನು ಶಾರ್ಟ್ ಮಾಡಿ ಬಿಡು, ಎಲೆಕ್ಟ್ರೋಮೀಟರಿನ ಅಂಕಿ ನೆಲ ಹಿಡಿಯುವ ತನಕ. ಆಮೇಲೆ ಮೂರು ಬೇರೆ ಬೇರೆ ವೇಗದಲ್ಲಿ ಬಿಸಿ ಮಾಡಿ, ಮೂರು ಗ್ರಾಫನ್ನೂ ಒಂದರ ಮೇಲೊಂದು ಹಾಕು. ಆಯಸ್ಕಾಂತದ ಅಳತೆಯಲ್ಲಿ ಎಲ್ಲಿ ಬದಲಾವಣೆ ಕಂಡಿತ್ತೋ ಅಲ್ಲೇ ಒಂದು ಚಿಕ್ಕ ಪೀಕು ಮೂರರಲ್ಲೂ ನಿಂತಿದ್ದರೆ ಅದು ನಿನ್ನದು. ಕೆಲವು ಹತ್ತು ಪಿಕೋಆಂಪಿಯರ್ ಸಿಕ್ಕರೂ ಸಾಕು. ದೊಡ್ಡ ಪೀಕು ಕಂಡರೆ ನನಗಂತೂ ಮೊದಲು ಅನುಮಾನವೇ ಬರುತ್ತದೆ.

ಇನ್ನೊಂದು ಮಾತು. ದಿನಾ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಓಡಾಡುತ್ತೇನೆ ಎಂದು ಬರೆದಿದ್ದೀಯ. ಈ ಕಂತಿನ ಮೊದಲ ಪತ್ರವೂ ಹುಬ್ಬಳ್ಳಿಯದೇ. ನೀನು ಅವರ ಮಗಳೇ ಇರಬಹುದು, ಇಲ್ಲದಿರಬಹುದು, ನಾನು ಕೇಳುವುದಿಲ್ಲ. ಆದರೆ ವೈಂಡಿಂಗ್ ಮಾಡುವವರು ಯಾರಾದರೂ ಪರಿಚಯ ಇದ್ದರೆ ಈ ಸಿಕ್ಕಿಹಾಕಿಕೊಂಡ ಚಾರ್ಜಿನ ವಿಷಯ ಅವರಿಗೆ ಹೇಳು, ತಟ್ಟನೆ ತಿಳಿಯುತ್ತದೆ. ಮೋಟರಿಗೆ ಮೆಗ್ಗರ್ (ಇನ್ಸುಲೇಶನ್ ಪರೀಕ್ಷೆ ಮಾಡುವ ಯಂತ್ರ) ಹಚ್ಚಿ ತೆಗೆದ ಕೂಡಲೇ ತಂತಿ ಮುಟ್ಟಿದರೆ ಚುರ್ ಎನ್ನುತ್ತದೆ. ಅದು ಇನ್ಸುಲೇಶನ್ನಿನೊಳಗೆ ಕೂತುಬಿಟ್ಟ ಚಾರ್ಜು. ಅದಕ್ಕೇ ತಿಳಿದವರು ವೈಂಡಿಂಗನ್ನು ಮೋಟರಿನ ಮೈಗೆ ಶಾರ್ಟ್ ಮಾಡಿ, ಮೆಗ್ಗರ್ ಹಚ್ಚಿದ್ದ ಹೊತ್ತಿನ ನಾಲ್ಕು ಪಟ್ಟು ಹಾಗೇ ಬಿಟ್ಟಿರುತ್ತಾರೆ. ನಿನ್ನ ಹೋಲ್ಡರಿನ ಇನ್ಸುಲೇಶನ್ನನ್ನೂ ಅವರ ಕೈಯಲ್ಲಿ ಒಮ್ಮೆ ನೋಡಿಸು. ಒಯ್ಯುವ ಮೊದಲು ಗುಳಿಗೆ ಬಿಚ್ಚಿ ಡಬ್ಬಿಯಲ್ಲಿ ಹಾಕು, ಎಲೆಕ್ಟ್ರೋಮೀಟರನ್ನು ಪ್ರಯೋಗಾಲಯದಲ್ಲೇ ಬಿಡು. ಮೆಗ್ಗರಿನ 500 ವೋಲ್ಟು ಅದರ ಮೇಲೆ ಬಿದ್ದರೆ ನಿನ್ನ ಗೈಡ್ ನನಗೇ ಫೋನ್ ಹಚ್ಚುತ್ತಾರೆ.